ಜಲವರ್ಣದ ಹದ: ಖಾಲಿ ಹಾಳೆಯಿಂದ ಪ್ರದರ್ಶನದ ಗೋಡೆಯವರೆಗೆ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರವನ್ನು ನೀವೂ ನೋಡಿರಬಹುದು. ದೀಪದ ಬೆಳಕು ಅವಳ ಬೆರಳುಗಳ ಸಂದಿಯಿಂದ ಕೆಂಪಗೆ ಹೊಮ್ಮುತ್ತದೆ. ನೋಡಲು ಬಂದವರಲ್ಲಿ ಎಷ್ಟೋ ಜನ ಅದನ್ನು ರವಿವರ್ಮನ ಚಿತ್ರ ಅಂದುಕೊಳ್ಳುತ್ತಾರೆ, ಇನ್ನೆಷ್ಟೋ ಜನ ತೈಲವರ್ಣ ಅಂದುಕೊಳ್ಳುತ್ತಾರೆ. ಎರಡೂ ಅಲ್ಲ. ಅದು ಎಸ್.ಎಲ್. ಹಲ್ದಂಕರ್ ಅವರು 1940ರ ದಶಕದಲ್ಲಿ ಕಾಗದದ ಮೇಲೆ ಜಲವರ್ಣದಲ್ಲಿ ಮಾಡಿದ ಚಿತ್ರ. ದೀಪ ಹಿಡಿದು ನಿಂತವರು ಅವರ ಮಗಳು. ವಾಟರ್ ಕಲರ್ ಅಂದರೆ ಶಾಲೆ ಮಕ್ಕಳ ಬಣ್ಣ ಅನ್ನುವವರಿಗೆ ನಾನು ಮೊದಲು ಈ ಚಿತ್ರದ ಸುದ್ದಿ ಹೇಳುತ್ತೇನೆ.

ಹದಿನೆಂಟು ವರ್ಷಗಳಿಂದ ಇದೇ ಬಣ್ಣದಲ್ಲಿ ಕೆಲಸ ಮಾಡುತ್ತಿದ್ದೇನೆ. ಹುಟ್ಟಿದ್ದು ತೀರ್ಥಹಳ್ಳಿ ಕಡೆ, ಈಗ ಮೈಸೂರು. ಕಾಗದ ಯಾವುದು ಕೊಳ್ಳಲಿ, ಮೊದಲ ಪ್ರದರ್ಶನ ಹೇಗೆ ಮಾಡಲಿ, ಬೆಲೆ ಎಷ್ಟು ಇಡಲಿ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಕಲಿಯಬೇಕಾದದ್ದು ಒಂದೇ, ಹದ. ಹೊಲ ಉಳುವವರು ಮಣ್ಣಿನ ಹದ ನೋಡುತ್ತಾರಲ್ಲ, ಬೆಲ್ಲದ ಪಾಕ ಮಾಡುವವರು ಎಳೆ ಬಂತಾ ಅಂತ ನೋಡುತ್ತಾರಲ್ಲ, ಹಾಗೆಯೇ. ಹಾಳೆ ಎಷ್ಟು ಒದ್ದೆ ಇದೆ ಅನ್ನುವುದರಿಂದ ಹಿಡಿದು ಪ್ರದರ್ಶನಕ್ಕೆ ಎಷ್ಟು ತಿಂಗಳ ಮುಂಚೆ ಫ್ರೇಮ್ ಹಾಕಿಸಬೇಕು ಅನ್ನುವವರೆಗೆ ಇದೇ ಲೆಕ್ಕ.

1. ದುಡ್ಡನ್ನು ಮೊದಲು ಕಾಗದಕ್ಕೆ ಹಾಕಿ

ಹೊಸಬರು ಇಪ್ಪತ್ತನಾಲ್ಕು ಬಣ್ಣದ ದೊಡ್ಡ ಡಬ್ಬಿ ಕೊಳ್ಳುತ್ತಾರೆ, ಕಾಗದಕ್ಕೆ ಬಂದಾಗ ಅಗ್ಗದ ಡ್ರಾಯಿಂಗ್ ಪುಸ್ತಕ ತರುತ್ತಾರೆ. ಇದನ್ನು ಉಲ್ಟಾ ಮಾಡಿ. ಸಾಧಾರಣ ಬಣ್ಣ ಒಳ್ಳೆಯ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಕೆಟ್ಟ ಕಾಗದದ ಮೇಲೆ ಜಗತ್ತಿನ ಯಾವ ಬಣ್ಣವೂ ಉಳಿಯುವುದಿಲ್ಲ.

ನೋಡಬೇಕಾದ್ದು ಎರಡು. ಒಂದು, ಕಾಗದ ನೂರಕ್ಕೆ ನೂರು ಹತ್ತಿಯದ್ದಾಗಿರಬೇಕು. ಮರದ ತಿರುಳಿನ ಕಾಗದ ನೀರನ್ನು ಬೇಗ ಬಿಟ್ಟುಕೊಡುತ್ತದೆ, ಎರಡನೇ ಪದರ ಹಾಕುವಾಗ ಕೆಳಗಿನ ಬಣ್ಣ ಎದ್ದು ಬರುತ್ತದೆ. ಎರಡು, ತೂಕ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ಇರಬೇಕು. ಅದಕ್ಕಿಂತ ತೆಳುವಾದರೆ ಹಾಳೆ ಹಪ್ಪಳದ ಹಾಗೆ ಏಳುತ್ತದೆ, ತಗ್ಗಿನಲ್ಲಿ ಬಣ್ಣ ನಿಂತು ಕಲೆಯಾಗುತ್ತದೆ. ಮೇಲ್ಮೈಯಲ್ಲಿ ಮೂರು ಬಗೆ ಇವೆ. ನಯವಾದ ಹಾಟ್ ಪ್ರೆಸ್, ಸ್ವಲ್ಪ ತರಿಯಿರುವ ಕೋಲ್ಡ್ ಪ್ರೆಸ್, ಒರಟಾದ ರಫ್. ಶುರು ಮಾಡುವವರು ಕಣ್ಣುಮುಚ್ಚಿ ಕೋಲ್ಡ್ ಪ್ರೆಸ್ ತೆಗೆದುಕೊಳ್ಳಿ.

ಆರ್ಶ್, ಸೌಂಡರ್ಸ್ ವಾಟರ್‌ಫೋರ್ಡ್, ಫ್ಯಾಬ್ರಿಯಾನೊ ಆರ್ಟಿಸ್ಟಿಕೊ, ಇವೆಲ್ಲ ಹೊರದೇಶದವು, ದುಬಾರಿ. ನಮ್ಮಲ್ಲಿ ಚಿತ್ರಪಟ್, ಬ್ರಸ್ಟ್ರೊ ಸಿಗುತ್ತವೆ, ಅಭ್ಯಾಸಕ್ಕೆ ಇವು ಬೇಕಾದಷ್ಟಾಯಿತು. ಪ್ಯಾಡ್ ಕೊಳ್ಳುವ ಬದಲು 22x30 ಇಂಚಿನ ಪೂರ್ತಿ ಹಾಳೆ ಕೊಂಡು ನೀವೇ ಕತ್ತರಿಸಿಕೊಳ್ಳಿ. ಒಂದು ಹಾಳೆಯಲ್ಲಿ 11x15 ಇಂಚಿನ ನಾಲ್ಕು ಕ್ವಾರ್ಟರ್ ಸಿಗುತ್ತವೆ, ಹಿಂದೆ ಮುಂದೆ ಎರಡೂ ಕಡೆ ಅಭ್ಯಾಸ ಮಾಡಬಹುದು.

ಕಾಗದವನ್ನು ಕಾಪಾಡುವುದರ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಜಲವರ್ಣದ ಕಾಗದಕ್ಕೆ ಗಂಜಿಯಂಥ ಒಂದು ಅಂಟಿನ ಲೇಪ ಇರುತ್ತದೆ, ಬಣ್ಣ ಮೇಲೆ ನಿಲ್ಲುವುದು ಅದರಿಂದ. ತೇವಕ್ಕೆ ಬೂಷ್ಟು ಬಂದರೆ ಆ ಲೇಪವೇ ಹಾಳು. ಒಂದು ವರ್ಷ ಹತ್ತು ಹಾಳೆ ಒಳ್ಳೆಯ ಕಾಗದ ತಂದು ಊರಿನ ಮನೆಯ ಅಟ್ಟದ ಟ್ರಂಕಿನಲ್ಲಿಟ್ಟಿದ್ದೆ. ಮಳೆಗಾಲ ಕಳೆದ ಮೇಲೆ ತೆಗೆದು ನೋಡಿದರೆ ಕಣ್ಣಿಗೆ ಏನೂ ಕಾಣಲಿಲ್ಲ, ಬೆಳ್ಳಗೇ ಇತ್ತು. ಆಕಾಶಕ್ಕೆ ಮೊದಲ ಬಣ್ಣ ಎಳೆದೆ ನೋಡಿ, ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆಗಳು ಗಾಢವಾಗಿ ಎದ್ದವು, ಬಣ್ಣವನ್ನು ಬ್ಲಾಟಿಂಗ್ ಪೇಪರಿನ ಹಾಗೆ ಹೀರಿಕೊಂಡವು. ಹತ್ತೂ ಹಾಳೆ ಹೋಯಿತು. ಮಲೆನಾಡು, ಕರಾವಳಿಯವರು ಕಾಗದ ತಂದ ದಿನವೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಒಳಗೆ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಾಯಿಗೆ ಟೇಪ್ ಹಚ್ಚಿಡಿ. ಗೋಡೆಗೆ ತಾಗಿಸಿ ಇಡಬೇಡಿ. ಬೇಕಾದಾಗ ಎರಡು ಹಾಳೆ ಮಾತ್ರ ತೆಗೆಯಿರಿ.

2. ಏಳು ಬಣ್ಣ ಸಾಕು

ಟ್ಯೂಬಿನ ಮೇಲೆ ಚಂದದ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ, ಒಳಗಿರುವ ಬಣ್ಣದ ಪುಡಿ ಯಾವುದು ಅಂತ ಹೇಳುವ ಒಂದು ಕೋಡ್ ಇರುತ್ತದೆ. ಅದನ್ನು ಓದಲು ಕಲಿತರೆ ಅರ್ಧ ದುಡ್ಡು ಉಳಿಯುತ್ತದೆ. ಅಲ್ಟ್ರಾಮರೀನ್ ಅಂದರೆ ಪಿಬಿ 29, ಯಾವ ಕಂಪನಿಯದ್ದಾದರೂ ಅದೇ. ಬರ್ಂಟ್ ಸಿಯೆನ್ನಾ ಪಿಬಿಆರ್ 7. ಥ್ಯಾಲೋ ಬ್ಲೂ ಪಿಬಿ 15. ಗುಲಾಬಿಗೆ ಪಿವಿ 19 ಇರುವ ಪರ್ಮನೆಂಟ್ ರೋಸ್. ಇವುಗಳ ಜೊತೆ ಒಂದು ನಿಂಬೆ ಹಳದಿ, ಒಂದು ಯೆಲ್ಲೋ ಓಕರ್, ಒಂದು ಬೆಚ್ಚನೆಯ ಕೆಂಪು. ನನ್ನ ಪ್ಯಾಲೆಟ್‌ನಲ್ಲಿ ವರ್ಷಗಳಿಂದ ಇರುವುದು ಇಷ್ಟೇ. ಹಸಿರು ಕೊಳ್ಳಬೇಡಿ. ಹಳದಿಗೆ ನೀಲಿ ಬೆರೆಸಿ, ಒಂದು ಚಿಟಿಕೆ ಬರ್ಂಟ್ ಸಿಯೆನ್ನಾ ಸೇರಿಸಿ ನೋಡಿ, ನಮ್ಮ ಮಾವಿನ ಎಲೆಯ ಹಸಿರು ಬರುತ್ತದೆ. ಟ್ಯೂಬಿನ ಹಸಿರಿನಲ್ಲಿ ಅದು ಸಿಗುವುದಿಲ್ಲ. ಕಪ್ಪೂ ಬೇಡ, ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಗಟ್ಟಿಯಾಗಿ ಬೆರೆಸಿದರೆ ಕಪ್ಪಿಗಿಂತ ಒಳ್ಳೆಯ ಕಪ್ಪು.

ಬಣ್ಣ ಮಾಸುವ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪಿಆರ್ 83 ಕೋಡಿನ ಅಲಿಜರಿನ್ ಕ್ರಿಮ್ಸನ್ ಬೆಳಕಿಗೆ ಮಾಸುತ್ತದೆ. ಮಿರಮಿರ ಹೊಳೆಯುವ ಒಪೆರಾ ಗುಲಾಬಿಯೂ ಹಾಗೆಯೇ. ನಿಮ್ಮ ಎಲ್ಲ ಬಣ್ಣಗಳ ಪಟ್ಟಿ ಎಳೆದು, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಮೂರು ತಿಂಗಳು ಅಂಟಿಸಿಡಿ. ರಟ್ಟು ತೆಗೆದಾಗ ಯಾವುದು ಉಳಿಯಿತು ಯಾವುದು ಹೋಯಿತು ಅಂತ ನಿಮಗೇ ಗೊತ್ತಾಗುತ್ತದೆ. ಒಬ್ಬರು ಸಂಬಳ ಉಳಿಸಿ ನಿಮ್ಮ ಚಿತ್ರ ಕೊಂಡು ಹಾಲ್‌ನಲ್ಲಿ ಹಾಕಿರುತ್ತಾರೆ. ಐದು ವರ್ಷಕ್ಕೆ ಅದರಲ್ಲಿನ ಕಣಗಲೆ ಹೂವು ಬಿಳಿಚಿಕೊಂಡರೆ ಅದು ನಮ್ಮ ತಪ್ಪು.

ಬ್ರಷ್ ವಿಷಯ ಬೇಗ ಮುಗಿಸುತ್ತೇನೆ. ತುದಿ ಚೂಪಾಗಿ ನಿಲ್ಲುವ 12 ನಂಬರಿನ ಒಂದು ರೌಂಡ್, 6 ನಂಬರಿನ ಒಂದು, ಆಕಾಶ, ನೀರಿನಂಥ ದೊಡ್ಡ ಜಾಗಕ್ಕೆ ಒಂದು ದಪ್ಪನೆಯ ಮಾಪ್ ಬ್ರಷ್, ಒಂದಿಂಚಿನ ಚಪ್ಪಟೆ ಬ್ರಷ್, ರೆಂಬೆ ಹಗ್ಗಗಳಿಗೆ ತೆಳ್ಳನೆಯ ಒಂದು ರಿಗ್ಗರ್. ಸಿಂಥೆಟಿಕ್ ಸಾಕು. ನೀರಿಗೆ ಎರಡು ಡಬ್ಬಿ ಇಟ್ಟುಕೊಳ್ಳಿ, ಒಂದು ತೊಳೆಯಲು, ಒಂದು ಬಣ್ಣ ಕಲಸಲು. ಹಳೆಯ ಹತ್ತಿ ಪಂಚೆಯ ತುಂಡಿಗಿಂತ ಒಳ್ಳೆಯ ಒರೆಸುವ ಬಟ್ಟೆ ಇನ್ನೊಂದಿಲ್ಲ.

3. ಹದ ನೋಡುವುದು

ಬಣ್ಣ ಎಷ್ಟು ನೀರಾಗಿರಬೇಕು ಅನ್ನುವುದಕ್ಕೆ ನಾನು ಅಡುಗೆಮನೆಯ ಅಳತೆ ಇಟ್ಟುಕೊಂಡಿದ್ದೇನೆ. ಮೊದಲ ಪದರಕ್ಕೆ, ಆಕಾಶಕ್ಕೆ ತಿಳಿಸಾರು. ದೂರದ ಬೆಟ್ಟ, ಹಗುರ ನೆರಳಿಗೆ ಮಜ್ಜಿಗೆ. ಹತ್ತಿರದ ಮರ, ಗಾಢ ನೆರಳಿಗೆ ದೋಸೆ ಹಿಟ್ಟು. ಕೊನೆಯ ನಾಲ್ಕು ಕಪ್ಪು ಚುಕ್ಕೆಗೆ ಬೆಣ್ಣೆ. ಹೊಸಬರ ಚಿತ್ರ ಮಂಕಾಗಿ ಕಾಣುವುದಕ್ಕೆ ಕಾರಣ, ಶುರುವಿನಿಂದ ಕೊನೆಯವರೆಗೆ ಎಲ್ಲವನ್ನೂ ತಿಳಿಸಾರಿನಲ್ಲೇ ಮಾಡುತ್ತಾರೆ. ಒಣಗಿದ ಮೇಲೆ ಜಲವರ್ಣ ಸ್ವಲ್ಪ ತಿಳಿಯಾಗುತ್ತದೆ, ಇದನ್ನು ಲೆಕ್ಕಕ್ಕೆ ಹಿಡಿದೇ ಬಣ್ಣ ಹಾಕಬೇಕು.

ಇನ್ನೊಂದು ಹದ ಕಾಗದದ್ದು. ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಿ. ನೀರು ನಿಂತು ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಬಣ್ಣ ಎಲ್ಲೆಂದರಲ್ಲಿ ಓಡುತ್ತದೆ, ಮೋಡಕ್ಕೆ ಸರಿ. ಹೊಳಪು ಇಳಿದು ರೇಷ್ಮೆ ಬಟ್ಟೆಯ ಹಾಗೆ ಕಂಡರೆ ಅದೇ ಒಳ್ಳೆಯ ಹೊತ್ತು, ಹಾಕಿದ ಬಣ್ಣ ಅಂಚು ಮೆತ್ತಗೆ ಮಾಡಿಕೊಂಡು ಹಾಕಿದಲ್ಲೇ ಕೂರುತ್ತದೆ. ಹೊಳಪು ಪೂರ್ತಿ ಹೋಗಿದೆ, ಆದರೆ ಅಂಗೈ ಹಿಂಬದಿ ಇಟ್ಟರೆ ತಣ್ಣಗೆ ತಾಗುತ್ತಿದೆ ಅಂದರೆ ಕೈ ಕಟ್ಟಿ ಕೂತುಬಿಡಿ. ಆಗ ನೀರು ಬ್ರಷ್ ತಾಗಿಸಿದರೆ ಹೂಕೋಸಿನ ಅಂಚಿನಂಥ ಕಲೆ ಏಳುತ್ತದೆ, ಅದನ್ನು ಏನು ಮಾಡಿದರೂ ತೆಗೆಯಲಾಗದು. ಒಂದೇ ನಿಯಮ ನೆನಪಿಡಿ: ಒದ್ದೆ ಹಾಳೆಗೆ ಹಾಕುವ ಬಣ್ಣ, ಅಲ್ಲಿ ಈಗಾಗಲೇ ಇರುವ ಬಣ್ಣಕ್ಕಿಂತ ಗಟ್ಟಿಯಾಗಿರಬೇಕು.

ಈ ಹೊತ್ತು ಊರಿನಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಮಾರ್ಚ್ ತಿಂಗಳ ಮೈಸೂರಿನಲ್ಲಿ ರೇಷ್ಮೆ ಹೊಳಪು ಎರಡು ನಿಮಿಷವೂ ಉಳಿಯುವುದಿಲ್ಲ. ಜುಲೈನಲ್ಲಿ ಊರಿಗೆ ಹೋದಾಗ ಅದೇ ಹಾಳೆ ಅರ್ಧ ಗಂಟೆ ಒದ್ದೆಯಾಗೇ ಇರುತ್ತದೆ. ಹಾಗಾಗಿ ಯೂಟ್ಯೂಬಿನಲ್ಲಿ ಯಾರೋ ಐದು ನಿಮಿಷ ಕಾಯಿರಿ ಅಂದರೆ ಗಡಿಯಾರ ನೋಡಬೇಡಿ, ಹಾಳೆ ನೋಡಿ.

4. ಒಂದು ಚಿತ್ರ, ಮೊದಲಿಂದ ಕೊನೆಯವರೆಗೆ

ಮೇಲುಕೋಟೆಯ ಕಲ್ಯಾಣಿ. ಸುತ್ತ ಕಲ್ಲುಕಂಬದ ಮಂಟಪಗಳು, ಇಳಿದು ಹೋಗುವ ಮೆಟ್ಟಿಲುಗಳು, ಮೇಲೆ ಯೋಗಾನರಸಿಂಹನ ಬೆಟ್ಟ. ಬೆಳಿಗ್ಗೆ ಏಳೂವರೆಗೆ ಅಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಬಣ್ಣದ ಡಬ್ಬಿ ತೆಗೆಯಬೇಡಿ. ಮೊದಲು ಹದಿನೈದು ನಿಮಿಷ ಸುಮ್ನೆ ನೋಡಿ.

ಆಮೇಲೆ ನೋಟ್‌ಬುಕ್ಕಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಚೌಕ ಹಾಕಿ, ಅದರೊಳಗೆ ಪೆನ್ಸಿಲಿನಲ್ಲಿ ಮೂರೇ ಛಾಯೆ: ಬಿಳಿ, ನಡು, ಗಾಢ. ಇಂಥ ನಾಲ್ಕು ಚೌಕ ಮಾಡಿ. ಒಂದರಲ್ಲಿ ಬೆಟ್ಟ ಮೇಲೆ ಬರಲಿ, ಒಂದರಲ್ಲಿ ಬೆಟ್ಟವೇ ಬೇಡ, ಒಂದರಲ್ಲಿ ಮೆಟ್ಟಿಲೇ ಮುಖ್ಯವಾಗಲಿ. ನೋಡಿದ್ದೆಲ್ಲ ಹಾಳೆಗೆ ಬರಬೇಕಾಗಿಲ್ಲ ಅನ್ನುವುದನ್ನು ಕಲಿಯುವುದು ಇಲ್ಲಿಯೇ. ನಾನು ಆರಿಸಿದ್ದು ಮಂಟಪದ ಒಂದು ಮೂಲೆ, ಅದರ ನೆರಳು, ನೀರಿನಲ್ಲಿ ಅದರ ಬಿಂಬ, ಮೆಟ್ಟಿಲಲ್ಲಿ ಬಿಳಿ ಪಂಚೆ ಉಟ್ಟ ಒಬ್ಬರು. ಅಷ್ಟೇ.

2ಬಿ ಪೆನ್ಸಿಲಿನಲ್ಲಿ ಹಗುರವಾಗಿ ಗೆರೆ ಎಳೆಯಿರಿ, ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ, ರಬ್ಬರ್ ಉಜ್ಜಿದರೆ ಕಾಗದದ ಮೈ ಕೀಳುತ್ತದೆ. ಬೋರ್ಡಿನ ಕೆಳಗೆ ಒಂದು ಕಲ್ಲು ಕೊಟ್ಟು ಸ್ವಲ್ಪ ಇಳಿಜಾರು ಮಾಡಿಕೊಳ್ಳಿ.

ಮೊದಲ ಪದರ ತಿಳಿಸಾರು. ಆಕಾಶದ ಮೇಲ್ಗಡೆ ಚೂರು ಅಲ್ಟ್ರಾಮರೀನ್, ಕೆಳಗೆ ಬರುತ್ತ ಯೆಲ್ಲೋ ಓಕರ್, ಅದಕ್ಕೆ ಸೋಂಕಿದಷ್ಟು ರೋಸ್. ಅದನ್ನು ನಿಲ್ಲಿಸದೆ ಕಲ್ಲುಗಳ ಮೇಲೆ ಹಾಯಿಸಿ, ಮೆಟ್ಟಿಲ ಮೇಲೆ, ನೀರಿನವರೆಗೆ ಇಳಿಸಿ. ಪಂಚೆ ಮತ್ತು ಬಿಸಿಲು ಬಿದ್ದ ಎರಡು ಮೆಟ್ಟಿಲಿನ ಅಂಚನ್ನು ಮಾತ್ರ ಮುಟ್ಟಬೇಡಿ. ಜಲವರ್ಣದಲ್ಲಿ ಬಿಳಿ ಅಂದರೆ ಕಾಗದದ ಬಿಳಿ, ಒಮ್ಮೆ ಕಳೆದುಕೊಂಡರೆ ಹೋಯಿತು. ಏಳೆಂಟು ನಿಮಿಷದಲ್ಲಿ ಇದು ಮುಗಿಯಬೇಕು. ಪೂರ್ತಿ ಒಣಗಲಿ. ಅಷ್ಟರಲ್ಲಿ ಒಂದು ಸುತ್ತು ಹೋಗಿ ಬನ್ನಿ, ಪುಳಿಯೋಗರೆ ಸಿಗುವ ಊರು ಅದು.

ಎರಡನೇ ಪದರವೇ ಚಿತ್ರದ ಜೀವ. ಅಲ್ಟ್ರಾಮರೀನ್, ಬರ್ಂಟ್ ಸಿಯೆನ್ನಾ ಬೆರೆಸಿ ಬೂದು ಮಾಡಿ, ಬೇಕು ಅನಿಸಿದ್ದಕ್ಕಿಂತ ಎರಡರಷ್ಟು ಮಾಡಿಟ್ಟುಕೊಳ್ಳಿ, ನಡುವೆ ಖಾಲಿಯಾದರೆ ಮತ್ತೆ ಅದೇ ಬಣ್ಣ ಬರುವುದಿಲ್ಲ. ಮಂಟಪದ ಒಳಗಿನ ನೆರಳು, ಕಂಬದ ಒಂದು ಬದಿ, ನೆಲದ ಮೇಲೆ ಬಿದ್ದ ನೆರಳು, ಮೆಟ್ಟಿಲಿನ ಮಡಿಕೆ, ಇವನ್ನೆಲ್ಲ ಒಂದೊಂದೇ ಬಿಡಿಸದೆ ಒಂದಕ್ಕೊಂದು ಅಂಟಿದ ಒಂದೇ ಆಕಾರವಾಗಿ ಎಳೆದುಬಿಡಿ. ಒದ್ದೆ ಇರುವಾಗಲೇ ಒಳಗೆ ಒಂದು ಕಡೆ ಬರ್ಂಟ್ ಸಿಯೆನ್ನಾ, ಇನ್ನೊಂದು ಕಡೆ ನೀಲಿ ಬಿಡಿ. ನೆರಳೊಳಗೂ ಬಿಸಿ ತಂಪು ಇರುತ್ತದೆ. ಬಿಸಿಲಿಗೆ ಕಾದ ನೆಲದಿಂದ ಮಂಟಪದ ಸೂರಿಗೆ ಮೇಲೆ ಚಿಮ್ಮುವ ಕೆಂಪು ಬೆಳಕು ಕಾಣುತ್ತದಲ್ಲ, ಅದು ಬಂದರೆ ಕಲ್ಲು ಕಲ್ಲಾಗುತ್ತದೆ.

ಬಿಂಬಕ್ಕೆ ನೀರಿನ ಜಾಗವನ್ನು ಮತ್ತೆ ಶುದ್ಧ ನೀರಿನಲ್ಲಿ ಒದ್ದೆ ಮಾಡಿ. ಕಾಯಿರಿ. ರೇಷ್ಮೆ ಹೊಳಪು ಬಂದ ಕೂಡಲೇ ಮಜ್ಜಿಗೆ ಹದದಲ್ಲಿ ಮೇಲಿಂದ ಕೆಳಗೆ ನೇರ ಎಳೆಗಳು, ಕಂಬದ ಕೆಳಗೆ ಗಾಢ, ಸಂದಿಯಲ್ಲಿ ತಿಳಿ. ಆಮೇಲೆ ಚಪ್ಪಟೆ ಬ್ರಷ್ ತೊಳೆದು ಹಿಂಡಿ, ಅಡ್ಡಕ್ಕೆ ಒಂದೇ ಒಂದು ಸಲ ಎಳೆಯಿರಿ. ಬಣ್ಣ ಎದ್ದು ಬಂದು ನೀರಿನ ಮೇಲೆ ಗಾಳಿ ಆಡಿದ ಗೆರೆ ಮೂಡುತ್ತದೆ. ಎರಡನೇ ಸಲ ಎಳೆಯುವ ಆಸೆ ಆಗುತ್ತದೆ, ಎಳೆಯಬೇಡಿ.

ಕೊನೆಗೆ ಬೆಣ್ಣೆ ಹದದ ಗಾಢ ಬಣ್ಣದಲ್ಲಿ ಮೂರು ನಾಲ್ಕು ಕಡೆ ಮುಟ್ಟಿ. ಮಂಟಪದ ಒಳಮೂಲೆ, ಆ ಮನುಷ್ಯನ ತಲೆ, ಒಂದು ಕಾಗೆ. ಮುಖಕ್ಕೆ ಕಣ್ಣು ಮೂಗು ಬೇಡ. ನಿಲ್ಲಿಸಿ, ಚಿತ್ರವನ್ನು ಹತ್ತು ಹೆಜ್ಜೆ ದೂರ ಇಟ್ಟು ನೋಡಿ. ಇನ್ನೇನೋ ಸೇರಿಸಬೇಕು ಅನಿಸಿದರೆ ಮನೆಗೆ ಒಯ್ದು ನಾಳೆ ನೋಡಿ. ನಾಳೆ ಆ ಆಸೆ ಹೆಚ್ಚಿನ ಸಲ ಇರುವುದಿಲ್ಲ.

ಹಳಬರ ಕೆಲಸ ನೋಡುವುದೂ ಅಭ್ಯಾಸವೇ. ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತು ಬಂದ ಕೆ. ವೆಂಕಟಪ್ಪ (1886–1965) ಊಟಿ, ಕೊಡೈಕನಾಲ್‌ಗಳ ಮಂಜು ಮೋಡವನ್ನು ಜಲವರ್ಣದಲ್ಲಿ ಹಿಡಿದವರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಗ್ಯಾಲರಿಗೆ ಅವರದೇ ಹೆಸರು. ಬಾಗಿಲು ತೆರೆದಿದೆಯೇ ವಿಚಾರಿಸಿಕೊಂಡು ಹೋಗಿ. ಸ್ವಾತಂತ್ರ್ಯ ಹೋರಾಟಗಾರ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಚಿತ್ರಿಸಿದ ರೀತಿ ನೋಡಿದರೆ ಗುಲ್‌ಮೊಹರ್ ಮುಂದೆ ನಿಂತಾಗ ಧೈರ್ಯ ಬರುತ್ತದೆ.

5. ದಿನಚರಿ ಮತ್ತು ಹೊಟ್ಟೆಪಾಡು

ಚಿತ್ರ ಮಾರಿಯೇ ಬದುಕುವವರು ಕಡಿಮೆ. ನನ್ನ ಮನೆ ನಡೆಯುವುದು ಮೂರು ಕಡೆಯ ದುಡ್ಡಿನಿಂದ: ವಾರಕ್ಕೆ ಎರಡು ದಿನ ಪಾಠ, ಹೇಳಿ ಮಾಡಿಸಿಕೊಳ್ಳುವವರ ಚಿತ್ರ, ಪ್ರದರ್ಶನದ ಮಾರಾಟ. ಕೆಲಸದಲ್ಲಿರುವವರು ಕೆಲಸ ಬಿಟ್ಟು ಬರುವ ಅವಸರ ಮಾಡಬೇಡಿ. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ದಿನಾ ಒಂದು ಪೋಸ್ಟ್‌ಕಾರ್ಡ್ ಅಳತೆಯ ಚಿತ್ರ ಮಾಡಿ. ಭಾನುವಾರ ಒಂದು ಕ್ವಾರ್ಟರ್. ವರ್ಷಕ್ಕೆ ಐವತ್ತು ಕ್ವಾರ್ಟರ್ ಆಯಿತು, ಅದರಲ್ಲಿ ಹನ್ನೆರಡು ಒಳ್ಳೆಯವು ಬಂದರೆ ಪ್ರದರ್ಶನದ ಅರ್ಧ ದಾರಿ ನಡೆದ ಹಾಗೆ.

ಹೇಳಿ ಮಾಡಿಸುವ ಕೆಲಸ ಹಿಡಿಯುವಾಗ ನಾಚಿಕೆ ಬಿಟ್ಟು ಎಲ್ಲವನ್ನೂ ಬರವಣಿಗೆಯಲ್ಲಿ ಹಾಕಿ. ಅಳತೆ, ದಿನಾಂಕ, ಬೆಲೆ, ಅರ್ಧ ಮುಂಗಡ. ಮೊದಲು ಅಂಗೈಯಗಲದ ಬಣ್ಣದ ಮಾದರಿ ಮಾಡಿ ತೋರಿಸಿ, ಒಪ್ಪಿಗೆ ಪಡೆಯಿರಿ. ಜಲವರ್ಣವನ್ನು ಆಮೇಲೆ ತಿದ್ದಲಾಗುವುದಿಲ್ಲ ಅಂತ ಬಾಯಿಬಿಟ್ಟು ಹೇಳಿ, ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಒಂದು ಕಚೇರಿಯವರು ದೊಡ್ಡ ಚಿತ್ರ ಪೂರ್ತಿಯಾದ ಮೇಲೆ ಆಕಾಶವನ್ನು ತಮ್ಮ ಲಾಂಛನದ ನೀಲಿಗೆ ಬದಲಿಸಿ ಅಂದರು. ಮಾದರಿ ತೋರಿಸಿರಲಿಲ್ಲ, ಹಾಗಾಗಿ ವಾದ ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ. ಮೂರು ವಾರದ ಕೆಲಸ ಮತ್ತೆ ಮೊದಲಿಂದ ಮಾಡಿದೆ.

6. ಪ್ರದರ್ಶನಕ್ಕೆ ದಿನ ಹಿಂದಕ್ಕೆ ಎಣಿಸಿ

ಮೊದಲು ಗುಂಪಿನಲ್ಲಿ ಭಾಗವಹಿಸಿ. ಮೂರು ನಾಲ್ಕು ಗೆಳೆಯರು ಸೇರಿದರೆ ಬಾಡಿಗೆ ಹಂಚಿಹೋಗುತ್ತದೆ, ಧೈರ್ಯವೂ ಇರುತ್ತದೆ. ಏಕವ್ಯಕ್ತಿ ಪ್ರದರ್ಶನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಚಿತ್ರ ಬೇಕು, ಅವೆಲ್ಲ ಒಂದೇ ಮನಸ್ಸಿನಿಂದ ಬಂದಂತಿರಬೇಕು. ಹಂಪಿಯ ಬಂಡೆ ಎರಡು, ಗಣಪತಿ ಒಂದು, ಕುದುರೆ ಮೂರು ಅಂತ ಸೇರಿಸಿದರೆ ಅಂಗಡಿಯ ಹಾಗೆ ಕಾಣುತ್ತದೆ. ಮೈಸೂರಿನ ದೇವರಾಜ ಮಾರುಕಟ್ಟೆಯ ಬೆಳಗುಗಳು ಅಂತ ಒಂದೇ ವಿಷಯ ಹಿಡಿದು ಇಪ್ಪತ್ತು ಸಲ ಹೋಗಿ ಬಂದರೆ ಹತ್ತನೇ ಚಿತ್ರದ ಹೊತ್ತಿಗೆ ನೀವು ನೋಡುವ ರೀತಿಯೇ ಬದಲಾಗಿರುತ್ತದೆ.

ಜಾಗ ಹುಡುಕಲು ಬೆಂಗಳೂರಿನಲ್ಲಿ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಗ್ಯಾಲರಿಗಳಿಂದ ಶುರು ಮಾಡಿ. ಗ್ಯಾಲರಿ ಸಿಗುವುದು ತಿಂಗಳುಗಟ್ಟಲೆ ಮುಂಚೆ ಕೇಳಿದವರಿಗೆ. ಹತ್ತು ಚಿತ್ರಗಳ ಫೋಟೊ, ಒಂದು ಪುಟದ ಪರಿಚಯ, ಪ್ರದರ್ಶನದ ವಿಷಯದ ಬಗ್ಗೆ ನಾಲ್ಕು ಸಾಲು ಸಿದ್ಧವಿಟ್ಟುಕೊಳ್ಳಿ. ಫೋಟೊವನ್ನು ಬೆಳಿಗ್ಗೆ ಹತ್ತರ ಹೊತ್ತಿಗೆ ಮನೆಯ ಹೊರಗೆ ನೆರಳಿನಲ್ಲಿ, ಗಾಜು ಹಾಕುವ ಮುಂಚೆಯೇ ತೆಗೆಯಿರಿ.

ನನ್ನ ಲೆಕ್ಕ ಹೀಗೆ. ಎಲ್ಲ ಚಿತ್ರ ಮುಗಿಯಬೇಕಾದ್ದು ಮೂರು ತಿಂಗಳು ಮುಂಚೆ. ಎರಡು ತಿಂಗಳಿರುವಾಗ ಆಯ್ಕೆ ಮುಗಿದು ಫ್ರೇಮ್ ಅಂಗಡಿಗೆ ಹೋಗಬೇಕು. ಆಹ್ವಾನ ಪತ್ರಿಕೆ ಮೂರು ವಾರ ಮುಂಚೆ. ಪತ್ರಿಕೆಗಳ ನಗರದ ಕಾರ್ಯಕ್ರಮಗಳ ಅಂಕಣಕ್ಕೆ ಒಂದು ವಾರ ಮುಂಚೆ ಕನ್ನಡದಲ್ಲಿ ಸಣ್ಣ ಮಾಹಿತಿ, ಒಂದು ಒಳ್ಳೆಯ ಫೋಟೊ. ಉದ್ಘಾಟನೆಗೆ ದೊಡ್ಡವರನ್ನು ಹುಡುಕಿ ಅಲೆಯಬೇಡಿ, ನಿಮಗೆ ಕಲಿಸಿದ ಮೇಷ್ಟ್ರನ್ನೋ ಟೀಚರನ್ನೋ ಕರೆಯಿರಿ.

7. ಫ್ರೇಮ್

ಇಲ್ಲಿ ಅವಸರ ಮಾಡಿದರೆ ವರ್ಷದ ಕೆಲಸ ಹಾಳು. ಒಂದು ಅಂಗಡಿಯಲ್ಲಿ ಚಿತ್ರ ಕೊಟ್ಟು ಹೇಗೆ ಕೂರಿಸಬೇಕು ಅಂತ ಹೇಳದೆ ಬಂದೆ. ಅವರು ಹಿಂಬದಿಗೆ ಪೂರ್ತಿ ಫೆವಿಕಾಲ್ ಬಳಿದು ಹಾರ್ಡ್‌ಬೋರ್ಡಿಗೆ ಅಂಟಿಸಿಬಿಟ್ಟಿದ್ದರು. ನೀಟಾಗಿಯೇ ಕಾಣುತ್ತಿತ್ತು. ಆದರೆ ಇನ್ನು ಆ ಚಿತ್ರವನ್ನು ಬೋರ್ಡಿನಿಂದ ಬಿಡಿಸುವ ಹಾಗಿಲ್ಲ, ಬೋರ್ಡಿನ ಆಮ್ಲ ಕಾಗದವನ್ನು ಹಳದಿ ಮಾಡುತ್ತ ಹೋಗುತ್ತದೆ.

ಹಾಗಾಗಿ ಚೀಟಿಯಲ್ಲಿ ಬರೆದುಕೊಡಿ. ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಅಂಚಿನ ಹಾಗೆ ಕೂರುವ ರಟ್ಟು, ಆಸಿಡ್ ಫ್ರೀ ಇರಬೇಕು, ಬಿಳಿ ಅಥವಾ ಕೆನೆ ಬಣ್ಣ, ಎರಡೂವರೆಯಿಂದ ಮೂರು ಇಂಚು ಅಗಲ. ಚಿತ್ರವನ್ನು ಮೇಲಿನ ಅಂಚಿನಲ್ಲಿ ಮಾತ್ರ ಎರಡು ಕಾಗದದ ಪಟ್ಟಿಯಿಂದ ತೂಗುಹಾಕಬೇಕು, ಉಳಿದ ಮೂರು ಬದಿ ಬಿಡುವಾಗಿರಬೇಕು, ಹವೆಗೆ ತಕ್ಕಂತೆ ಕಾಗದ ಹಿಗ್ಗುತ್ತದೆ ಕುಗ್ಗುತ್ತದೆ. ಸೆಲ್ಲೋಟೇಪ್ ಬೇಡ. ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟಿನ ದಪ್ಪವಾದರೂ ಇರಲೇಬೇಕು. ಹಿಂಬದಿಯ ಸಂದುಗಳನ್ನು ಕಾಗದದ ಟೇಪಿನಿಂದ ಮುಚ್ಚಬೇಕು, ಇಲ್ಲದಿದ್ದರೆ ಬೆಳ್ಳಿಹುಳ ನುಗ್ಗುತ್ತದೆ. ಕೆಳಗಿನ ಎರಡು ಮೂಲೆಗೆ ಚಿಕ್ಕ ರಬ್ಬರ್ ಬಿಲ್ಲೆ ಹಚ್ಚಿಸಿ, ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಎಲ್ಲ ಫ್ರೇಮೂ ಒಂದೇ ತರಹದ ತೆಳ್ಳನೆಯ ಮರದ್ದಿರಲಿ. ಚಿನ್ನದ ಬಣ್ಣದ ಹೂಬಳ್ಳಿ ಚೌಕಟ್ಟು ಜಲವರ್ಣವನ್ನು ನುಂಗಿಹಾಕುತ್ತದೆ.

8. ಬೆಲೆ

ಚದರ ಇಂಚಿನ ಲೆಕ್ಕ ಇಟ್ಟುಕೊಳ್ಳಿ. ಕ್ವಾರ್ಟರ್ ಹಾಳೆ 165 ಚದರ ಇಂಚು. ಇಂಚಿಗೆ 30 ರೂಪಾಯಿ ಅಂತ ಹಿಡಿದರೆ 4,950, ಅಂದರೆ ಸುಮಾರು 5,000. ಫ್ರೇಮಿನ ಖರ್ಚು 1,800 ಅಂದುಕೊಳ್ಳಿ. ನಿಮ್ಮ ಕೈಗೆ ಬರಬೇಕಾದ್ದು 6,800. ಗ್ಯಾಲರಿಯವರು ನೂರಕ್ಕೆ 30 ಕಮಿಷನ್ ಹಿಡಿಯುತ್ತಾರೆ ಅಂತಾದರೆ ಹೆಚ್ಚಿನವರು 6,800ಕ್ಕೆ ನೂರಕ್ಕೆ 30 ಸೇರಿಸಿ 8,840 ಅಂತ ಬರೆಯುತ್ತಾರೆ. ಕಮಿಷನ್ ಕಳೆದರೆ ಕೈಗೆ ಬರುವುದು 6,188 ಮಾತ್ರ. ಸರಿಯಾದ ಲೆಕ್ಕ 6,800 ಅನ್ನು 0.7ರಿಂದ ಭಾಗಿಸುವುದು, ಸುಮಾರು 9,700. ನನಗೆ ಇದು ಗೊತ್ತಾಗಲು ಎರಡು ಪ್ರದರ್ಶನ ಬೇಕಾಯಿತು.

ಗ್ಯಾಲರಿಯಲ್ಲಿ ಒಂದು ಬೆಲೆ, ಮನೆಗೆ ಬಂದವರಿಗೆ ಒಂದು ಬೆಲೆ ಇಡಬೇಡಿ. ಮೊದಲು ಕೊಂಡವರಿಗೆ ಅದು ಮೋಸ. ಚಿತ್ರ ಇಷ್ಟವಾದ್ದಕ್ಕೆ ಬೆಲೆ ಜಾಸ್ತಿ, ಇಲ್ಲದ್ದಕ್ಕೆ ಕಡಿಮೆ ಅನ್ನುವುದೂ ಬೇಡ. ತುಂಬಾ ಇಷ್ಟವಾದ ಚಿತ್ರ ಇದ್ದರೆ ಅದನ್ನು ಮಾರಾಟಕ್ಕಿಲ್ಲ ಅಂತ ಬರೆಯಿರಿ, ಅದರಲ್ಲೇನೂ ತಪ್ಪಿಲ್ಲ.

9. ತೂಗುಹಾಕುವ ದಿನ, ಕೂರುವ ದಿನಗಳು

ಚಿತ್ರದ ನಡುಮಧ್ಯ ನೆಲದಿಂದ 58 ಇಂಚು ಎತ್ತರದಲ್ಲಿರಲಿ. ಮೊಳೆ ಎಲ್ಲಿ ಹೊಡೆಯಬೇಕು? 58ಕ್ಕೆ ಫ್ರೇಮಿನ ಅರ್ಧ ಎತ್ತರ ಸೇರಿಸಿ, ತಂತಿ ಬಿಗಿಯಾದಾಗ ಮೇಲಂಚಿನಿಂದ ಎಷ್ಟು ಕೆಳಗಿರುತ್ತದೋ ಅಷ್ಟು ಕಳೆಯಿರಿ. 20 ಇಂಚಿನ ಫ್ರೇಮು, ತಂತಿ 4 ಇಂಚು ಕೆಳಗೆ ಅಂದರೆ 64ಕ್ಕೆ ಮೊಳೆ. ಮೊದಲು ಎಲ್ಲ ಚಿತ್ರಗಳನ್ನು ಗೋಡೆಯ ಬುಡದಲ್ಲಿ ಒರಗಿಸಿ, ಅದಲು ಬದಲು ಮಾಡಿ, ಬಾಗಿಲಲ್ಲಿ ನಿಂತು ನೋಡಿ. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಗೋಡೆಗೆ ಅತಿ ಗಟ್ಟಿಯಾದ ಚಿತ್ರ. ಜಾಗ ಕಡಿಮೆಯಾದರೆ ಚಿತ್ರ ಕಡಿಮೆ ಮಾಡಿ, ಒತ್ತಿ ತುಂಬಬೇಡಿ. ಹೆಸರು ಚೀಟಿ ಕನ್ನಡದಲ್ಲೂ ಇರಲಿ.

ಪ್ರದರ್ಶನ ನಡೆಯುವಷ್ಟು ದಿನವೂ ನೀವೇ ಅಲ್ಲಿರಬೇಕು. ಯಾರಾದರೂ ಒಂದು ಚಿತ್ರದ ಮುಂದೆ ನಿಂತರೆ ಕೂಡಲೇ ಓಡಿಹೋಗಿ ವಿವರಿಸಬೇಡಿ. ಎರಡನೇ ಸಲ ಅದೇ ಚಿತ್ರಕ್ಕೆ ಬಂದರೆ ಹತ್ತಿರ ಹೋಗಿ, ಆ ಬೆಳಿಗ್ಗೆ ಅಲ್ಲಿ ಏನಾಯಿತು ಅಂತ ಹೇಳಿ. ಒಮ್ಮೆ ಒಬ್ಬ ಹಿರಿಯರು ಮಾರುಕಟ್ಟೆಯ ಬಾಳೆಕಾಯಿ ಮಂಡಿಯ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದರು. ಹತ್ತಿರ ಹೋದಾಗ "ಇಲ್ಲಿ ನಮ್ಮಪ್ಪ ಲೆಕ್ಕ ಬರೀತಿದ್ರು ಕಣಪ್ಪಾ, ಈ ಕಂಬದ ಹತ್ರಾನೇ" ಅಂದರು. ಅವರು ಚಿತ್ರ ಕೊಳ್ಳಲಿಲ್ಲ. ಆ ಕಂಬವನ್ನು ನಾನು ಹಾಕಿದ್ದು ಬರೀ ಗೋಡೆಗೆ ಒಂದು ನೇರ ಗೆರೆ ಬೇಕಿತ್ತು ಅಂತ. ಅಂದಿನಿಂದ ಯಾವ ಜಾಗದ ಚಿತ್ರ ಮಾಡಿದರೂ ಅಲ್ಲಿ ದುಡಿಯುವವರ ಜೊತೆ ಮೊದಲು ಮಾತಾಡುತ್ತೇನೆ.

ಮಾರಾಟವಾದದ್ದಕ್ಕೆ ಕೆಂಪು ಬೊಟ್ಟು ಅಂಟಿಸುವುದು ರೂಢಿ. ಮುಂಗಡ ಕೈಗೆ ಬಂದ ಮೇಲೆ ಅಂಟಿಸಿ. ಚಿತ್ರವನ್ನು ಪ್ರದರ್ಶನ ಮುಗಿದ ಮೇಲೆಯೇ ಕೊಡುವುದು ಅಂತ ಮೊದಲೇ ಹೇಳಿ. ಜೊತೆಗೆ ಒಂದು ಪತ್ರ ಕೊಡಿ: ಹೆಸರು, ವರ್ಷ, ಅಳತೆ, ಕಾಗದ, ಬಳಸಿದ ಬಣ್ಣಗಳು, ನಿಮ್ಮ ಸಹಿ.

10. ಚಿತ್ರಸಂತೆಗೆ ಬೇರೆ ತಯಾರಿ

ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆ ಗ್ಯಾಲರಿಯ ಹಾಗಲ್ಲ. ಕುಮಾರಕೃಪಾ ರಸ್ತೆಯೇ ಗ್ಯಾಲರಿ, ಒಂದೇ ದಿನ, ಜನಸಾಗರ. ಅರ್ಜಿ ಕರೆಯುವ ಸುದ್ದಿಯನ್ನು ಕೆಲವು ತಿಂಗಳ ಮುಂಚಿನಿಂದಲೇ ಗಮನಿಸುತ್ತಿರಿ. ಅಲ್ಲಿಗೆ ಗಾಜಿನ ಫ್ರೇಮ್ ಹೊತ್ತುಕೊಂಡು ಹೋಗಬೇಡಿ. ಚಿತ್ರಕ್ಕೆ ಮೌಂಟ್ ಹಾಕಿ, ಹಿಂದೆ ಗಟ್ಟಿ ಬೋರ್ಡ್ ಕೊಟ್ಟು, ಪಾರದರ್ಶಕ ಕವರಿನಲ್ಲಿ ಹಾಕಿ. ಧೂಳು ಕೂರುವುದಿಲ್ಲ, ಕೊಂಡವರು ಬಸ್ಸಿನಲ್ಲೂ ಒಯ್ಯಬಹುದು. ನನ್ನ ಅನುಭವದಲ್ಲಿ ಅಲ್ಲಿ ಮೊದಲು ಹೋಗುವುದು ಪೋಸ್ಟ್‌ಕಾರ್ಡ್ ಮತ್ತು ಎಂಟನೇ ಒಂದು ಹಾಳೆಯ ಅಳತೆಯವು. ದೊಡ್ಡದು ಮೂರು ನಾಲ್ಕು ಇರಲಿ, ಅವು ಜನರನ್ನು ನಿಲ್ಲಿಸುತ್ತವೆ. ಬೆಲೆಯನ್ನು ದೊಡ್ಡ ಅಕ್ಷರದಲ್ಲಿ ಬರೆದಿಡಿ, ಕೇಳಲು ಸಂಕೋಚಪಡುವವರು ಬಹಳ. ಕ್ಯೂಆರ್ ಕೋಡ್, ಚಿಲ್ಲರೆ, ಟೋಪಿ, ಊಟದ ಡಬ್ಬಿ, ಜೊತೆಗೊಬ್ಬ ಸ್ನೇಹಿತರು ಬೇಕೇ ಬೇಕು. ಮಧ್ಯಾಹ್ನದ ಬಿಸಿಲು ನಿಮ್ಮ ಜಾಗಕ್ಕೆ ಬಿದ್ದರೆ ಮುಚ್ಚಲು ಒಂದು ಬಿಳಿ ಬಟ್ಟೆ. ಒಂದು ಚಿತ್ರವನ್ನು ಅಲ್ಲೇ ಕೂತು ಮಾಡಿ, ಮಕ್ಕಳು ಸುತ್ತ ನಿಲ್ಲುತ್ತಾರೆ, ಅವರ ಹಿಂದೆ ಅಪ್ಪ ಅಮ್ಮ ನಿಲ್ಲುತ್ತಾರೆ.

11. ಮುಗಿದ ಮೇಲೆ

ಉಳಿದ ಚಿತ್ರಗಳನ್ನು ಫ್ರೇಮಿನಿಂದ ತೆಗೆದು, ನಡುವೆ ಆಸಿಡ್ ಫ್ರೀ ಹಾಳೆ ಇಟ್ಟು ಮಲಗಿಸಿಡಿ. ಫ್ರೇಮುಗಳು ಮುಂದಿನ ಸಲಕ್ಕೆ ಬರುತ್ತವೆ, ಅದಕ್ಕೇ ಒಂದೇ ಅಳತೆಯಲ್ಲಿ ಚಿತ್ರ ಮಾಡುವುದು ಒಳ್ಳೆಯದು. ಒಂದು ಪುಸ್ತಕದಲ್ಲಿ ಪ್ರತಿ ಚಿತ್ರಕ್ಕೂ ಒಂದು ಸಂಖ್ಯೆ, ಯಾವಾಗ ಮಾಡಿದ್ದು, ಯಾರ ಮನೆಯಲ್ಲಿದೆ ಅಂತ ಬರೆದಿಡಿ.

ಕೊಂಡವರಿಗೆ ಕೊಡುವಾಗಲೇ ಹೇಳಿ: ನೇರ ಬಿಸಿಲು ಬೀಳುವ ಗೋಡೆ ಬೇಡ, ಬಚ್ಚಲ ಆಚೆಬದಿಯ ಗೋಡೆ ಬೇಡ, ಗಾಜಿಗೆ ನೀರು ಚಿಮುಕಿಸಿ ಒರೆಸಬೇಡಿ, ಬಟ್ಟೆ ಒದ್ದೆ ಮಾಡಿ ಒರೆಸಿ. ಆಮೇಲೆ ಮೊದಲ ಮಳೆಗಾಲ ಕಳೆದಾಗ, ದಸರಾ ಹೊತ್ತಿಗೆ, ಆ ಪುಸ್ತಕ ತೆಗೆದು ಒಬ್ಬೊಬ್ಬರಿಗೂ ಒಂದು ಫೋನ್ ಮಾಡಿ. ಫ್ರೇಮ್ ಇಳಿಸಿ ಹಿಂಬದಿ ಮುಟ್ಟಿ ನೋಡಲು ಹೇಳಿ. ತಣ್ಣಗೆ ತಾಗಿದರೆ ಎರಡು ದಿನ ಒಣ ಕೋಣೆಯಲ್ಲಿ ಮಂಚದ ಮೇಲೆ ಬೋರಲು ಮಲಗಿಸಿಡಲಿ, ಚುಕ್ಕೆ ಕಂಡರೆ ನಿಮ್ಮ ಹತ್ತಿರ ತಂದುಕೊಡಲಿ.